ಗರ್ಭಕಂಠದ ಕ್ಯಾನ್ಸರ್: ಜಗತ್ತಿಗೆ ಪುರಾವೆ ಕೊಟ್ಟ ಜಿಲ್ಲೆಗೆ ಪರೀಕ್ಷೆ ಯಾವಾಗ?

ಮಾಕಣಿ: ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹಳ್ಳಿಗಳು ದೊಡ್ಡ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಹೆಚ್ಚಾಗಿ ಬರಗಾಲ ಬಿದ್ದಾಗ. ಇಲ್ಲವೇ 1993ರ ಸೆಪ್ಟೆಂಬರ್ 30ರ ಭೂಕಂಪದ ನೆನಪು ಬಂದಾಗ. ಆದರೆ ಇದೇ ಧಾರಾಶಿವ (ಆಗಿನ ಉಸ್ಮಾನಾಬಾದ) ಜಿಲ್ಲೆಯ ಹೆಸರು ಜಗತ್ತಿನ ವೈದ್ಯಶಾಸ್ತ್ರದಲ್ಲಿ ಬೇರೊಂದು ಕಾರಣಕ್ಕೆ ಗಟ್ಟಿಯಾಗಿ ನಿಂತಿದೆ. ಗರ್ಭಕಂಠದ ಕ್ಯಾನ್ಸರಿನಿಂದ ಆಗುವ ಸಾವನ್ನು ಒಂದೇ ಒಂದು ಪರೀಕ್ಷೆಯಿಂದ ಅರ್ಧಕ್ಕೆ ಇಳಿಸಬಹುದು ಎಂದು ಲೋಕಕ್ಕೆ ತೋರಿಸಿಕೊಟ್ಟವರು ಈ ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳು. ಅವರು ಕೊಟ್ಟ ಪುರಾವೆಯ ಫಲ ಅವರ ಮಗಳಿಗೆ, ಸೊಸೆಗೆ ಎಷ್ಟರಮಟ್ಟಿಗೆ ಸಿಕ್ಕಿದೆ ಎಂಬುದೇ ಇಂದಿನ ಪ್ರಶ್ನೆ.

ಮರಾಠಿಯಲ್ಲಿ 'ಗರ್ಭಾಶಯ ಮುಖಾಚಾ ಕರ್ಕರೋಗ' ಎಂದು ದವಾಖಾನೆಯ ಗೋಡೆಯ ಮೇಲೆ ಬರೆದಿರುವುದು ಇದೇ ರೋಗವನ್ನು. ಗರ್ಭಚೀಲದ ಬಾಯಿಯ ಹತ್ತಿರ ಹುಟ್ಟುವ ಕ್ಯಾನ್ಸರ್ ಇದು. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲೇ 1,27,526 ಹೆಂಗಸರಿಗೆ ಈ ರೋಗ ಹೊಸದಾಗಿ ಬಂತು. 79,906 ಮಂದಿ ಇದರಿಂದ ಸತ್ತರು.

ಜಿಲ್ಲೆಯಲ್ಲಿ ನಡೆದದ್ದೇನು?

1999ರ ಅಕ್ಟೋಬರಿನಲ್ಲಿ ಮುಂಬೈನ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಫ್ರಾನ್ಸ್‌ನ ಲಿಯೋನ್‌ನಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೂಡಿ ಒಂದು ದೊಡ್ಡ ಅಧ್ಯಯನ ಆರಂಭಿಸಿದವು. ಬಾರ್ಶಿಯನ್ನು ಆರಿಸಿದ್ದಕ್ಕೆ ಕಾರಣವಿತ್ತು. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಅಲ್ಲಿಯೇ ಶುರುವಾಗಿತ್ತು. ನಮ್ಮ ಜಿಲ್ಲೆಯ ಪರಾಂಡಾ, ಭೂಮ್ ತಾಲೂಕುಗಳ ಹಳ್ಳಿಗಳೂ ಆ ನೋಂದಣಿಯಲ್ಲಿದ್ದವು.

ಹಳ್ಳಿಗಳನ್ನು 52 ಗುಂಪುಗಳಾಗಿ ಮಾಡಿ, ಚೀಟಿ ಎತ್ತುವ ರೀತಿಯಲ್ಲಿ ನಾಲ್ಕು ಭಾಗಗಳಿಗೆ ಹಂಚಲಾಯಿತು. 30ರಿಂದ 59 ವಯಸ್ಸಿನ, ಆರೋಗ್ಯವಾಗಿದ್ದ 1,31,746 ಹೆಂಗಸರು ಇದರಲ್ಲಿ ಸೇರಿದರು. ಒಂದು ಭಾಗಕ್ಕೆ ಎಚ್‌ಪಿವಿ ವೈರಸ್ ಪರೀಕ್ಷೆ. ಇನ್ನೊಂದಕ್ಕೆ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಮಾದರಿಯ ಪರೀಕ್ಷೆ. ಮೂರನೆಯದಕ್ಕೆ ವಿನೆಗರಿನಂಥ ದ್ರಾವಣ ಹಚ್ಚಿ ಕಣ್ಣಿನಿಂದಲೇ ನೋಡುವ ವಿಐಎ ಪರೀಕ್ಷೆ. ನಾಲ್ಕನೆಯ ಭಾಗಕ್ಕೆ ಯಾವ ತಪಾಸಣೆಯೂ ಇಲ್ಲ. ಎಂದಿನಂತೆ ಸಿಗುವ ಆರೋಗ್ಯ ಸೇವೆ ಮಾತ್ರ. ತಪಾಸಣೆ ಒಂದೇ ಸಲ. ಅನಂತರ ಎಂಟು ವರ್ಷ ಎಲ್ಲರ ಮೇಲೆ ನಿಗಾ ಇಡಲಾಯಿತು.

ಅಂಕಿಗಳು ಹೇಳುವುದೇನು?

ಫಲಿತಾಂಶ 2009ರ ಏಪ್ರಿಲಿನಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ತಪಾಸಣೆ ಇಲ್ಲದ ಭಾಗದ 31,488 ಹೆಂಗಸರಲ್ಲಿ ಈ ಕ್ಯಾನ್ಸರಿನಿಂದ 64 ಮಂದಿ ಸತ್ತಿದ್ದರು. ಎಚ್‌ಪಿವಿ ಪರೀಕ್ಷೆಯ ಭಾಗದ 34,126 ಹೆಂಗಸರಲ್ಲಿ ಸತ್ತವರು 34. ಸರಳವಾಗಿ ಹೇಳಬೇಕೆಂದರೆ, ಎಂಟು ವರ್ಷದಲ್ಲಿ ಸಾವಿರ ಹೆಂಗಸರಿಗೆ ಅಲ್ಲಿ ಎರಡು ಸಾವು, ಇಲ್ಲಿ ಒಂದು. ಎಚ್‌ಪಿವಿ ಭಾಗದಲ್ಲಿ ಐವರಲ್ಲಿ ಒಬ್ಬರು ಪರೀಕ್ಷೆಗೆ ಬಂದಿರಲೇ ಇಲ್ಲ. ಆದರೂ ಇಷ್ಟು ಲಾಭವಾಯಿತು ಎಂಬುದು ಗಮನಿಸಬೇಕಾದ ಮಾತು. ರೋಗ ಬಲಿತ ಮೇಲೆ ಸಿಕ್ಕ ಪ್ರಕರಣಗಳೂ 82ರ ಎದುರು 39ಕ್ಕೆ ಇಳಿದಿದ್ದವು.

ಉಳಿದೆರಡು ಪರೀಕ್ಷೆಗಳ ಕಥೆ ಬೇರೆ. ಪ್ಯಾಪ್ ಭಾಗದಲ್ಲಿ 54, ವಿಐಎ ಭಾಗದಲ್ಲಿ 56 ಸಾವುಗಳಾದವು. ಈ ವ್ಯತ್ಯಾಸ ಪರೀಕ್ಷೆಯಿಂದಲೇ ಆದದ್ದು ಎಂದು ಖಚಿತವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಹಾಗೆಂದು ವಿಐಎ ಕೆಲಸಕ್ಕೆ ಬಾರದ್ದು ಎಂದು ತಳ್ಳಿಹಾಕುವಂತಿಲ್ಲ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ತರಬೇತಿ ಪಡೆದ ನರ್ಸ್‌ಗಳು ಇದೇ ಪರೀಕ್ಷೆ ಮಾಡಿ ಸಾವನ್ನು ಶೇ. 35ರಷ್ಟು ತಗ್ಗಿಸಿದರು. ಮುಂಬೈನ ಕೊಳೆಗೇರಿಗಳಲ್ಲಿ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿದಾಗ ಶೇ. 31ರಷ್ಟು ತಗ್ಗಿತು. ಅಂದರೆ ವಿಐಎ ನಂಬಿಕೊಂಡರೆ ನುರಿತ ಕಣ್ಣು ಬೇಕು, ಮತ್ತೆ ಮತ್ತೆ ಮಾಡಬೇಕು. ಎಚ್‌ಪಿವಿ ಪರೀಕ್ಷೆ ಒಂದೇ ಸಲಕ್ಕೆ ಕೆಲಸ ಮಾಡಿತು.

ಇದಕ್ಕೆ ಕಾರಣ ರೋಗ ಬೆಳೆಯುವ ರೀತಿಯಲ್ಲೇ ಇದೆ. ಗಂಡುಹೆಣ್ಣಿನ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್ ಬಹುಪಾಲು ಜನರಿಗೆ ಬಂದು, ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಈ ವೈರಸ್ಸಿನ 16 ಮತ್ತು 18ನೇ ಮಾದರಿಗಳೇ ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಕಾರಣ. ಚಿಕ್ಕ ವಯಸ್ಸಿನಲ್ಲಿ ಮದುವೆ, ಬೇಗನೆ ಬಸಿರು, ಹಲವು ಹೆರಿಗೆ, ತಂಬಾಕಿನ ಹೊಗೆ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಎಚ್‌ಐವಿ ಇರುವ ಹೆಂಗಸರಿಗೆ ಅಪಾಯ ಆರು ಪಟ್ಟು. ವಿಐಎ ಅಂದು ಕಣ್ಣಿಗೆ ಕಂಡದ್ದನ್ನು ಮಾತ್ರ ಹಿಡಿಯುತ್ತದೆ. ಎಚ್‌ಪಿವಿ ಪರೀಕ್ಷೆ ರೋಗದ ಬೀಜವನ್ನೇ ಹುಡುಕುತ್ತದೆ. ನಮ್ಮ ಜಿಲ್ಲೆಯ ಅಧ್ಯಯನದಲ್ಲಿ 'ಏನೂ ಇಲ್ಲ' ಎಂಬ ಫಲಿತಾಂಶ ಬಂದವರ ಪೈಕಿ, ಪ್ಯಾಪ್ ಇಲ್ಲವೇ ವಿಐಎ ಮಾಡಿಸಿಕೊಂಡವರಿಗೆ ಮುಂದೆ ಕ್ಯಾನ್ಸರ್ ಬಂದ ಪ್ರಮಾಣ ಎಚ್‌ಪಿವಿ ಮಾಡಿಸಿಕೊಂಡವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು.

ಕಹಿ ಪ್ರಶ್ನೆ

ತಪಾಸಣೆ ಇಲ್ಲದ ಭಾಗದ ಆ 64 ಸಾವುಗಳ ಬಗ್ಗೆ ಮುಂದೆ ದೊಡ್ಡ ಚರ್ಚೆಯಾಯಿತು. ಅಮೆರಿಕದ ವೈದ್ಯ ಎರಿಕ್ ಸೂಬಾ ಮತ್ತು ಇತರರು, ಪ್ಯಾಪ್ ಪರೀಕ್ಷೆಯಿಂದ ಜೀವ ಉಳಿಯುತ್ತದೆಂದು ಮೊದಲೇ ಗೊತ್ತಿದ್ದಾಗ ಸಾವಿರಾರು ಬಡ ಹೆಂಗಸರನ್ನು ತಪಾಸಣೆ ಇಲ್ಲದೆ ಬಿಟ್ಟು ನೋಡಿದ್ದು ಸರಿಯೇ ಎಂದು ಕೇಳಿದರು. ಸಂಶೋಧಕರ ಉತ್ತರ ಹೀಗಿತ್ತು: ಆಗ ಭಾರತದ ಹಳ್ಳಿಗಳಲ್ಲಿ ತಪಾಸಣೆಯೇ ಇರಲಿಲ್ಲ, ಹೋಲಿಕೆ ಇಲ್ಲದೆ ಯಾವ ಪರೀಕ್ಷೆ ಇಲ್ಲಿಗೆ ತಕ್ಕದ್ದೆಂದು ತಿಳಿಯುವಂತಿರಲಿಲ್ಲ.

ಎರಡೂ ಕಡೆಯ ವಾದದಲ್ಲಿ ತೂಕವಿದೆ. ಆದರೆ ಒಂದು ಮಾತಿನಲ್ಲಿ ಭೇದವಿರಲಾರದು. ಇಂಥ ಅಧ್ಯಯನಕ್ಕೆ ಸಮರ್ಥನೆ ಸಿಗುವುದು, ಅದರಿಂದ ಕಲಿತದ್ದು ಆ ಜನರಿಗೇ ಮರಳಿ ತಲುಪಿದಾಗ ಮಾತ್ರ.

ತಲುಪಿತೇ?

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 30 ವಯಸ್ಸಿನಿಂದ ಐದರಿಂದ ಹತ್ತು ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಮಾಡುವುದೇ ಮೇಲೆಂದು ಶಿಫಾರಸು ಮಾಡಿತು. ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಡಬಹುದು ಎಂದೂ ಹೇಳಿತು. ದವಾಖಾನೆಯ ಮೇಜಿನ ಮೇಲೆ ಮಲಗಲು ನಾಚುವ ನಮ್ಮ ಹಳ್ಳಿಯ ತಾಯಂದಿರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ 2016ರ ಮಾರ್ಗಸೂಚಿ ಆರಿಸಿಕೊಂಡದ್ದು ವಿಐಎ ಪರೀಕ್ಷೆಯನ್ನು, ಅದೂ ಐದು ವರ್ಷಕ್ಕೊಮ್ಮೆ. ಅದಾದರೂ ನಡೆಯಿತೇ ಎಂದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಆಗಿದ್ದವರು ಶೇ. 1.9 ಮಾತ್ರ. ನೂರು ಮನೆಯ ಊರಿನಲ್ಲಿ ಎರಡು ಮನೆಗೂ ಮುಟ್ಟಿರಲಿಲ್ಲ.

ಎಚ್‌ಪಿವಿ ಪರೀಕ್ಷೆ ದುಬಾರಿ, ವಿದೇಶಿ ಎಂಬ ನೆಪವೂ ಈಗ ಸಡಿಲವಾಗಿದೆ. 2025ರ ಏಪ್ರಿಲಿನಲ್ಲಿ ದೇಶದಲ್ಲೇ ತಯಾರಾದ ಎಚ್‌ಪಿವಿ ಪರೀಕ್ಷೆಗಳು ಸರ್ಕಾರಿ ಸಂಶೋಧನಾ ಸಂಸ್ಥೆಗಳ ಪರಿಶೀಲನೆಯಲ್ಲಿ ತೇರ್ಗಡೆಯಾದವು. ಅವುಗಳಲ್ಲಿ ಒಂದು ನಡೆಯುವುದು ಟ್ರೂನ್ಯಾಟ್ ಯಂತ್ರದ ಮೇಲೆ. ಕ್ಷಯರೋಗದ ಕಫ ಪರೀಕ್ಷೆಗೆಂದು ಸರ್ಕಾರಿ ದವಾಖಾನೆಗಳಿಗೆ ಬಂದಿರುವ ಯಂತ್ರವೇ ಇದು. ಯಂತ್ರ ಇರುವಲ್ಲಿ ಬೇಕಾದದ್ದು ಕಿಟ್, ತರಬೇತಿ ಮತ್ತು ಆದೇಶ.

ಭಯದ ವ್ಯಾಪಾರ

ಪರೀಕ್ಷೆ ಇಲ್ಲದ ಕಡೆ ಭಯಕ್ಕೆ ಬೆಲೆ ಬರುತ್ತದೆ. ಪಕ್ಕದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಗರ್ಭಚೀಲ ತೆಗೆಸಿದ ಸುದ್ದಿ 2019ರಲ್ಲಿ ದೇಶವನ್ನೇ ಬೆಚ್ಚಿಬೀಳಿಸಿತು. ನೀಲಂ ಗೋರ್ಹೆ ಅವರ ಅಧ್ಯಕ್ಷತೆಯ ಸಮಿತಿಯ ಸಮೀಕ್ಷೆಗೆ ಒಳಗಾದ 82,309 ಹೆಂಗಸರಲ್ಲಿ 13,861 ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿತ್ತು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ 'ಪಿಶವಿ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ' ಎಂದು ಹೆದರಿಸಿದ ಸಂಗತಿಗಳು ಆಗ ವರದಿಯಾದವು. ಬಿಳಿಸೆರಗು ಹೆಚ್ಚಾಗಿ ಔಷಧದಿಂದ ಗುಣವಾಗುವ ಸಾಮಾನ್ಯ ಸೋಂಕು. ಯಾರಾದರೂ ಕ್ಯಾನ್ಸರಿನ ಹೆಸರು ಹೇಳಿ ಆಪರೇಷನ್ ಎಂದರೆ, 'ಯಾವ ಪರೀಕ್ಷೆಯಲ್ಲಿ ಕಂಡಿತು, ಕಾಗದ ಕೊಡಿ' ಎಂದು ಕೇಳುವುದು ನಮ್ಮ ಹಕ್ಕು.

ಎಚ್‌ಪಿವಿ ಇದೆ ಎಂದು ಬಂದರೂ ಅದು ಕ್ಯಾನ್ಸರ್ ಅಲ್ಲ. ನಮ್ಮ ಜಿಲ್ಲೆಯಲ್ಲಿ ಪರೀಕ್ಷೆ ಮಾಡಿಸಿಕೊಂಡ ನೂರರಲ್ಲಿ ಸುಮಾರು ಹತ್ತು ಹೆಂಗಸರಿಗೆ ವೈರಸ್ ಇತ್ತು. ಅವರಲ್ಲಿ ಕ್ಯಾನ್ಸರ್ ಆದವರು ಕೆಲವರೇ. ಮುಂದಿನ ಹೆಜ್ಜೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವುದು, ಕೆಟ್ಟ ಭಾಗ ಕಂಡರೆ ಅಷ್ಟನ್ನೇ ತಣ್ಣನೆಯ ಅನಿಲದಿಂದ ಸುಡುವುದು ಇಲ್ಲವೇ ಕತ್ತರಿಸಿ ತೆಗೆಯುವುದು. ಅದಕ್ಕೆ ಗರ್ಭಚೀಲ ಕಳೆದುಕೊಳ್ಳಬೇಕಾಗಿಲ್ಲ. ಗಂಡನಾದವನು ಈ ಫಲಿತಾಂಶ ಹಿಡಿದು ಹೆಂಡತಿಯ ನಡತೆ ಶಂಕಿಸುವುದಂತೂ ಶುದ್ಧ ಅವಿವೇಕ. ವೈರಸ್ ಯಾವಾಗ, ಯಾರಿಂದ ಬಂತೆಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ, ಗಂಡನಿಂದಲೇ ಬಂದಿರಬಹುದು.

ರೋಗ ಬಲಿತ ಮೇಲೆ

ಚಿಕಿತ್ಸೆಯೂ ಸುಧಾರಿಸುತ್ತಿದೆ, ನಿಜ. ರೋಗ ಸಾಕಷ್ಟು ಬಲಿತಿದ್ದ 850 ಹೆಂಗಸರ ಮೇಲೆ ಟಾಟಾ ಆಸ್ಪತ್ರೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬರೀ ವಿಕಿರಣ ಕೊಟ್ಟಾಗ ಐದು ವರ್ಷ ಬದುಕಿದವರು ನೂರಕ್ಕೆ 46. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧ ಕೊಟ್ಟಾಗ 54. ಭಾರತವೂ ಸೇರಿದ್ದ 'ಇಂಟರ್‌ಲೇಸ್' ಅಧ್ಯಯನ 2024ರಲ್ಲಿ ಇನ್ನೊಂದು ದಾರಿ ತೋರಿಸಿತು. ವಿಕಿರಣಕ್ಕೆ ಮೊದಲು ಆರು ವಾರ ಹಳೆಯ, ಪರಿಚಿತ ಔಷಧಗಳನ್ನೇ ಕೊಟ್ಟರೆ ಐದು ವರ್ಷ ಬದುಕುವವರು 72ರಿಂದ 80ಕ್ಕೆ ಏರಿದರು. ಆದರೆ ಮೊದಲ ಅಧ್ಯಯನದ ಅಂಕಿಯನ್ನು ಇನ್ನೊಮ್ಮೆ ನೋಡಿ. ದೇಶದ ಅತಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೂ, ರೋಗ ಬಲಿತ ಮೇಲೆ ಹೋದರೆ ಹೆಚ್ಚು ಕಡಿಮೆ ಅರ್ಧದಷ್ಟು ಹೆಂಗಸರು ಉಳಿಯಲಿಲ್ಲ. ಮುಟ್ಟು ನಿಂತ ಮೇಲೆ ರಕ್ತ, ಸಂಪರ್ಕದ ನಂತರ ರಕ್ತ, ದುರ್ವಾಸನೆಯ ಸ್ರಾವ ಕಂಡರೆ ಸುಗ್ಗಿ ಮುಗಿಯಲಿ ಎಂದು ಕಾಯಬಾರದು.

ಗಡಿಭಾಗದವರಿಗೆ ಇನ್ನೊಂದು ಕಷ್ಟವಿದೆ. ಯಾರೋ ಬಾರ್ಶಿಗೆ, ಯಾರೋ ಲಾತೂರಿಗೆ, ಸೊಲ್ಲಾಪುರಕ್ಕೆ ಹೋಗುತ್ತಾರೆ; ಇನ್ನು ಕೆಲವರು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ. ಕೇಂದ್ರದ ಆಯುಷ್ಮಾನ್ ಕಾರ್ಡ್ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ರಾಜ್ಯ ಸರ್ಕಾರದ ಯೋಜನೆಗಳಿಗೆ ಅವುಗಳದೇ ನಿಯಮ. ಹೊರಡುವ ಮೊದಲೇ ವಿಚಾರಿಸಿಕೊಂಡರೆ ಅಲೆದಾಟ ತಪ್ಪುತ್ತದೆ. ಇನ್ನು ಮನೆಯಲ್ಲಿ ಕನ್ನಡವೇ ಆಡುವ ವಯಸ್ಸಾದ ತಾಯಂದಿರಿಗೆ ಮರಾಠಿ ಭಿತ್ತಿಪತ್ರ ತೋರಿಸಿದರೆ ಸಾಲದು. ಎರಡೂ ಭಾಷೆ ಬಲ್ಲ ಆಶಾ ಕಾರ್ಯಕರ್ತೆಯರು ನಮ್ಮ ಊರುಗಳಲ್ಲಿದ್ದಾರೆ. ಗುಟ್ಟಿನ ನೋವನ್ನು ಹೆಂಗಸರು ಹೇಳಿಕೊಳ್ಳುವುದು ತಾಯಿನುಡಿಯಲ್ಲೇ.

ಮಗಳಿಗೆ ಲಸಿಕೆ, ತಾಯಿಗೆ ಪರೀಕ್ಷೆ

ಲಸಿಕೆಯ ವಿಷಯದಲ್ಲೂ ಬಾರ್ಶಿಯ ಪಾಲಿದೆ. 2009ರಲ್ಲಿ ದೇಶದ ಒಂಬತ್ತು ಕಡೆ ಶುರುವಾದ ಎಚ್‌ಪಿವಿ ಲಸಿಕೆಯ ಅಧ್ಯಯನದಲ್ಲಿ ಅದೂ ಒಂದು ಕೇಂದ್ರ. ಖಮ್ಮಂ ಜಿಲ್ಲೆಯಲ್ಲಿ ಬೇರೊಂದು ಲಸಿಕೆ ಯೋಜನೆ ವಿವಾದಕ್ಕೆ ಸಿಕ್ಕಾಗ, 2010ರಲ್ಲಿ ಸರ್ಕಾರ ಈ ಅಧ್ಯಯನದಲ್ಲೂ ಲಸಿಕೆ ಹಾಕುವುದನ್ನು ನಿಲ್ಲಿಸಿತು. ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. 2021ರ ವರದಿಯಂತೆ ಆ ಒಂದು ಡೋಸೇ 16 ಮತ್ತು 18ನೇ ಮಾದರಿಯ ವೈರಸ್ ದೇಹದಲ್ಲಿ ನೆಲೆಯೂರದಂತೆ ಶೇ. 95ರಷ್ಟು ತಡೆದಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನು ಒಪ್ಪಿಕೊಂಡಿತು. 2024ರ ಮಧ್ಯಂತರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ 9ರಿಂದ 14 ವಯಸ್ಸಿನ ಹುಡುಗಿಯರ ಲಸಿಕೆಗೆ ಉತ್ತೇಜನ ಕೊಡುವುದಾಗಿ ಹೇಳಿತು.

ಆದರೆ ಲಸಿಕೆ ಕಾಯುವುದು ಮಗಳನ್ನು. ಮೂವತ್ತು ದಾಟಿದ ತಾಯಿಗೆ ಬೇಕಾದದ್ದು ಪರೀಕ್ಷೆ. ಗ್ರಾಮಸಭೆಯಲ್ಲಿ ರಸ್ತೆ, ನೀರು, ಬೆಳೆ ವಿಮೆ ಕೇಳುತ್ತೇವೆ. ಈ ಸಲ ಇನ್ನೊಂದು ಠರಾವು ಸೇರಿಸೋಣ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಚ್‌ಪಿವಿ ಪರೀಕ್ಷೆ ಯಾವ ದಿನದಿಂದ? ಒಂದು ಲಕ್ಷ ಮೂವತ್ತೊಂದು ಸಾವಿರ ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡ ಜಿಲ್ಲೆಗೆ ಆ ಲೆಕ್ಕದ ಫಲ ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಇದೆ.