ಊರಿಗೆ ಹೋದಾಗ ಪಹಣಿಯನ್ನೂ ನೋಡಿರಿ



ಕ್ರಿಸ್ಮಸ್ ರಜಾ ಬಂತೆಂದರೆ ಗೂಡಲೂರು ಕಡೆಯ ತೋಟಗಳಿಂದ ನಮ್ಮ ಕುಟುಂಬಗಳು ಗುಂಡ್ಲುಪೇಟೆ, ಚಾಮರಾಜನಗರದ ಹಳ್ಳಿಗಳಿಗೆ ಹೊರಡುತ್ತವೆ. 2009ರಿಂದ ರಾತ್ರಿ ಸಂಚಾರ ನಿಷೇಧವಿರುವ ಬಂಡೀಪುರದ ಕಾಡನ್ನು 9 ಗಂಟೆಯೊಳಗೆ ದಾಟುವ ಅವಸರ. ತಾತನ ಸಮಾಧಿಗೆ ಹೂವು, ದೊಡ್ಡಪ್ಪನ ಮನೆಯಲ್ಲಿ ಊಟ, ಎರಡು ದಿನ ಇದ್ದು ವಾಪಸು. ಒಳ್ಳೆಯದೇ. ಆದರೆ ಅಷ್ಟೇ ಸಾಲದು.

ನಾವಿರುವ ಲೈನ್ ಮನೆ ತೋಟದ್ದು. ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು. ಆಗ ನಮಗೆ ಉಳಿಯುವುದು ಊರಿನ ಅಂಗೈಯಗಲದ ನೆಲ. ಅದರ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿರಿ.

ಇನ್ನೊಂದು ಮಾತು. ಊರಿನ ಅಣ್ಣತಮ್ಮಂದಿರು ತೋಟದ ಅಕ್ಕತಂಗಿಯರಿಗೆ ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಕಂಡಿದ್ದೇನೆ. “ಮದುವೆ ಮಾಡಿಕೊಟ್ಟೆವಲ್ಲ” ಎನ್ನುತ್ತಾರೆ. ಇದು ನ್ಯಾಯವಲ್ಲ. ಕ್ರೈಸ್ತನೊಬ್ಬನು ಉಯಿಲು ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಡತಿಗೆ ಮೂರರಲ್ಲೊಂದು ಪಾಲು. ಮಿಕ್ಕದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆಲ್ಲ ಸಮ.

ಅರಣ್ಯಕಾಂಡ 27ನೇ ಅಧ್ಯಾಯ ಓದಿರಿ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ಸಭೆಯೆಲ್ಲಾ ನೋಡುತ್ತಿರಲು ಮೋಶೆಯ ಮುಂದೆ ನಿಂತು ತಂದೆಯ ಪಾಲು ಕೇಳಿದರು. ಅವರು ಕೇಳಿದ್ದು ನ್ಯಾಯವೆಂದು ದೇವರೇ ಹೇಳಿದನು.

ಆದ್ದರಿಂದ ಅಕ್ಕಂದಿರೇ, ತಿಳಿಯದ ಕಾಗದಕ್ಕೆ ರುಜು ಬೇಡ. ಮೊದಲು ಸಂಘದವರಿಗೆ ತೋರಿಸಿರಿ. ಪಾಲು ಬಿಡುವುದಾದರೆ ಮನಸಾರೆ ಬಿಡಿರಿ, ದಾಕ್ಷಿಣ್ಯಕ್ಕೆ ಬಿಡಬೇಡಿರಿ. ಅಣ್ಣಂದಿರೇ, ತಂಗಿ ಬಾಯಿ ತೆರೆದು ಕೇಳುವ ಮೊದಲೇ ಕೊಡಿರಿ.