ಫಾರಂ ಕೇಳೋದು ಸೇದಿದ್ದೀಯಾ ಅಂತಲ್ಲ, ಸಿಕ್ಕಿಬಿದ್ದಿದ್ದೀಯಾ ಅಂತ

ಹೋದ ವಾರ ನಮ್ಮ ಕೇರಿಯ ಹುಡುಗನೊಬ್ಬ ರಾತ್ರಿ ಮನೆಗೆ ಬಂದ. ಸರ್ಕಾರಿ ಕೆಲಸಕ್ಕೆ ಆಯ್ಕೆ ಆಗಿದ್ದಾನೆ. ಅವರ ಮನೆತನಕ್ಕೇ ಮೊದಲ ಸರ್ಕಾರಿ ನೌಕರಿ. ಕೈಯಲ್ಲಿ ಪೊಲೀಸ್ ವೆರಿಫಿಕೇಶನ್ ಫಾರಂ. "ಅಣ್ಣಾ, ಇದನ್ನ ಬರೀಲಾ, ಬಿಟ್ಬಿಡ್ಲಾ?"

'ಇದು' ಅಂದ್ರೆ 7 ವರ್ಷದ ಹಿಂದಿನ ಕೇಸು. 19ನೇ ವಯಸ್ಸಲ್ಲಿ ಕೆರೆ ಏರಿ ಮೇಲೆ ಗಾಂಜಾ ಸೇದ್ತಿದ್ದಾಗ ಪೊಲೀಸರು ಎತ್ಕೊಂಡು ಹೋದ್ರು. ಎನ್‌ಡಿಪಿಎಸ್ ಕಾಯ್ದೆ, ಸೆಕ್ಷನ್ 27. "ತಪ್ಪೊಪ್ಕೊ, ದಂಡ ಕಟ್ಟು, ಸಂಜೆಗೆ ಮನೆಗೆ ಹೋಗು" ಅಂದ್ರಂತೆ. ಒಪ್ಕೊಂಡ. ಅವರವ್ವ ಸಂಘದಲ್ಲಿ ಸಾಲ ಎತ್ತಿ ದಂಡ ಕಟ್ಟಿದ್ಲು. ಹಂಗೆ ಒಪ್ಕೊಂಡ್ರೆ 'ಅಪರಾಧಿ' ಅಂತ ದಾಖಲಾಗುತ್ತೆ ಅಂತ ಯಾರೂ ಹೇಳಲಿಲ್ಲ.

ಬರಿ ಅಂದೆ. ಸೇದಿದ್ದಕ್ಕಿಂತ ಮುಚ್ಚಿಟ್ಟಿದ್ದೇ ಕುತ್ತಿಗೆಗೆ ಬರುತ್ತೆ. ಫಾರಂನಲ್ಲಿ ನಿಜ ಬರೀಬೇಕು ಅಂತ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ನಿಜ ಬರೆದವರಿಗೂ ಕೆಲಸ ಕೊಡಲೇಬೇಕು ಅಂತೇನಿಲ್ಲ, ಹಿನ್ನೆಲೆ ನೋಡಿ ಇಲಾಖೆ ತೀರ್ಮಾನ ಮಾಡಬಹುದು ಅಂತಲೂ ಅದೇ ತೀರ್ಪು ಹೇಳುತ್ತೆ. ಇದನ್ನೂ ಅವನಿಗೆ ಮುಚ್ಚಿಡದೆ ಹೇಳಿದೆ.

ನಾನು ಗಾಂಜಾ ಪರ ಇಲ್ಲ. ನಶೆ ನಮ್ಮ ಮನೆಗಳಿಗೆ ಏನು ಮಾಡಿದೆ ಅಂತ ನೋಡ್ಕೊಂಡೇ ಬೆಳೆದವನು. ನನ್ನ ಸಿಟ್ಟು ಬೇರೆ. ಫಾರ್ಮ್‌ಹೌಸ್‌ನಲ್ಲಿ ಸೇದಿದ ಹುಡುಗ ಅದೇ ಕಾಲಂನಲ್ಲಿ 'ಇಲ್ಲ' ಅಂತ ಬರೀತಾನೆ, ಅದು ಸುಳ್ಳೂ ಆಗಲ್ಲ. ಯಾಕಂದ್ರೆ ಅವನ ಗೇಟು ದಾಟಿ ಪೊಲೀಸರು ಹೋಗಿರಲ್ಲ. ಕೆರೆ ಏರಿಗೆ ಗೇಟಿಲ್ಲ. ಗಸ್ತು ಯಾವ ಬೀದಿಲಿ ತಿರುಗುತ್ತೋ ಆ ಬೀದಿ ಮಕ್ಕಳಿಗೇ 'ಹಿನ್ನೆಲೆ' ಇರುತ್ತೆ.

ಅಮೆರಿಕದಲ್ಲಿ ದೇಶದ ರಹಸ್ಯ ಕಡತ ಮುಟ್ಟೋ ಕೆಲಸಕ್ಕೂ ಎಷ್ಟು ಸಲ ಸೇದಿದೆ, ಎಷ್ಟು ವರ್ಷ ಆಯ್ತು, ಈಗ ಬಿಟ್ಟಿದ್ದೀಯಾ ಅಂತ ನೋಡ್ತಾರೆ. ಹಿಂದೆ ಗಾಂಜಾ ಸೇದಿದ್ದೊಂದರಿಂದಲೇ ತೀರ್ಮಾನ ಆಗಬಾರದು ಅಂತ 2021ರಲ್ಲಿ ಅಲ್ಲಿನ ಗುಪ್ತಚರ ಮುಖ್ಯಸ್ಥರ ಸೂಚನೆಯೇ ಬಂತು. ಸುಳ್ಳು ಬರೆಯೋದು ಅಲ್ಲೂ ಅಪರಾಧ. ನಮ್ಮ ಸುಪ್ರೀಂ ಕೋರ್ಟೂ 2011ರ ಸಂದೀಪ್ ಕುಮಾರ್ ಪ್ರಕರಣದಲ್ಲಿ, ಹರೆಯದಲ್ಲಿ ಮಾಡಿದ ಸಣ್ಣ ತಪ್ಪಿಗೆ ಜೀವಮಾನವಿಡೀ ಅಪರಾಧಿ ಹಣೆಪಟ್ಟಿ ಕಟ್ಟಬೇಡಿ ಅಂದಿತ್ತು.

ಹಾಗಾಗಿ ನಾವು ಕೇಳಬೇಕಾದ್ದು ಇಷ್ಟು: ವಯಸ್ಸೆಷ್ಟಿತ್ತು, ಎಷ್ಟು ವರ್ಷ ಆಯ್ತು, ಆಮೇಲೆ ಹೇಗೆ ಬದುಕಿದ ಅಂತ ನೋಡಿ. ಬೇಡ ಅನ್ನೋದಾದ್ರೆ ಅವನ ಮಾತು ಕೇಳಿ, ಕಾರಣ ಬರೆದು ಕೊಡಿ.

ನಮ್ಮ ಹುಡುಗರಿಗೂ ಒಂದು ಮಾತು. ಸಂಜೆಗೆ ಮನೆಗೆ ಹೋಗೋ ಆಸೆಗೆ ಏನನ್ನೂ ಒಪ್ಕೋಬೇಡಿ, ಮೊದಲು ವಕೀಲರನ್ನ ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ. ಅದು ನಿಮ್ಮ ಹಕ್ಕು. ಚಟ ಹತ್ತಿದ್ರೆ ತಾವಾಗಿ ಚಿಕಿತ್ಸೆಗೆ ಹೋಗೋರಿಗೆ ಸೆಕ್ಷನ್ 64ಎ ರಕ್ಷಣೆ ಇದೆ.

ಅವನು ನಿಜ ಬರೆದು ಕೊಟ್ಟಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಬರೀತೀನಿ.

ಜೈ ಭೀಮ್.