ಕಾರ್ಟೂನ್ ಯಾರನ್ನು ನೋಡಿ ನಗುತ್ತದೆ?

2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಸಂಘರ್ಷ ನಡೆದಾಗ ಅಡರಕಟ್ಟಿಯ ನಮ್ಮ ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಶತ್ರುವನ್ನು ಗೇಲಿ ಮಾಡುವ ಕಾರ್ಟೂನ್ ವಿಡಿಯೊಗಳು ಸಾಲುಗಟ್ಟಿ ಬಂದವು. ಒಂದರಲ್ಲಿ ಆ ದೇಶದ ಹೆಂಗಸರು, ಮಕ್ಕಳೆಲ್ಲ ಇಲಿಗಳು. ನಾನೂ ನಕ್ಕೆ, ನಾಲ್ಕು ಮಂದಿಗೆ ಕಳಿಸಿದೆ. ವಾರದೊಳಗೆ ನನ್ನ ತಮ್ಮ ನಮ್ಮ ಓಣಿಯ ಹುಡುಗನೊಬ್ಬನನ್ನು ‘ಏ ಇಲಿ’ ಎಂದು ಕರೆದ. ಆ ಹುಡುಗ ಹುಟ್ಟಿದ್ದು, ಬೆಳೆದಿದ್ದು ಇಲ್ಲೇ.

ಇದು ಹಳೆಯ ಅಸ್ತ್ರ. ಎರಡನೇ ಮಹಾಯುದ್ಧದ ವೇಳೆ, 1943ರಲ್ಲಿ ಡಿಸ್ನಿಯ ‘ಡೇರ್ ಫ್ಯೂರರ್ಸ್ ಫೇಸ್’ ತೆರೆಕಂಡಿತು. ಅದರಲ್ಲಿ ಡೊನಾಲ್ಡ್ ಡಕ್ ಕನಸಿನಲ್ಲಿ ನಾಜಿ ಕಾರ್ಖಾನೆಯ ಕಾರ್ಮಿಕ. ಮದ್ದುಗುಂಡು ಜೋಡಿಸುತ್ತಲೇ ಹಿಟ್ಲರನ ಚಿತ್ರ ಕಂಡಾಗಲೆಲ್ಲ ಸೆಲ್ಯೂಟ್ ಹೊಡೆಯಬೇಕು. ಕೊನೆಗೆ ತಲೆಯೇ ಕೆಡುತ್ತದೆ. ಆಸ್ಕರ್ ಗೆದ್ದ ಆ ಚಿತ್ರದ ಗೇಲಿಯ ಬಹುಪಾಲು ಸರ್ವಾಧಿಕಾರದ ಮೇಲಿತ್ತು.

1944ರ ಬಗ್ಸ್ ಬನ್ನಿ ಚಿತ್ರವೊಂದು ಹಾಗಲ್ಲ. ಜಪಾನೀಯರಿಗೆಲ್ಲ ಒಂದೇ ವಿಕಾರ ಮುಖ ಬರೆದು ನಗಿಸಿತು. ಆಗ ಅಮೆರಿಕದಲ್ಲಿ ಜಪಾನಿ ಮೂಲದ ಸುಮಾರು 1.2 ಲಕ್ಷ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಲಾಗಿತ್ತು. ಅವರಲ್ಲಿ ಹೆಚ್ಚಿನವರು ಆ ದೇಶದ್ದೇ ಪ್ರಜೆಗಳು. ದಶಕಗಳ ನಂತರ ಆಕ್ಷೇಪ ಎದ್ದಾಗ ಆ ಚಿತ್ರವನ್ನು ಮಾರಾಟದಿಂದ ಹಿಂಪಡೆದರು. ಶಿಬಿರದಲ್ಲಿ ಕಳೆದುಹೋದ ವರ್ಷಗಳನ್ನು ಯಾರು ಹಿಂದಿರುಗಿಸುತ್ತಾರೆ?

ಯುದ್ಧಕಾಲದಲ್ಲಿ ನಗಬಾರದು ಎನ್ನುತ್ತಿಲ್ಲ. ಆಳುವವನ ಸೊಕ್ಕನ್ನು ನೋಡಿ ಹೊಟ್ಟೆತುಂಬ ನಗೋಣ. ಆದರೆ ಇಡೀ ಜನಾಂಗವನ್ನೇ ಇಲಿ ಮಾಡಿದ ವಿಡಿಯೊ ಬಂದರೆ ಮುಂದೆ ಕಳಿಸುವುದು ಬೇಡ. ಅಂಥ ನಗೆಯ ಪೆಟ್ಟು ಗಡಿಯಾಚೆ ಬೀಳುವುದಿಲ್ಲ, ನಮ್ಮ ಓಣಿಯಲ್ಲೇ ಬೀಳುತ್ತದೆ. ತಮ್ಮನನ್ನು ಕರೆದುಕೊಂಡು ಆ ಹುಡುಗನ ಮನೆಗೆ ಹೋಗಿಬಂದೆ. ಕಳಿಸಿದ್ದು ನಾನೇ ಎಂದೂ ಹೇಳಿದೆ.